ಕೇಳಿ, ಹೇಳ್ತೇವೆ: ರೆಸಿನ್‌ನಲ್ಲಿ ಮುಳುಗಿದ ಗಾಜು ಯಾಕೆ ಹೊಳೆಯೋದಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗಾಜಿನ ಚೂರು, ಬಣ್ಣ, ರೆಸಿನ್ (ಎರಡು ದ್ರವ ಬೆರೆಸಿದಾಗ ಗಾಜಿನ ಹಾಗೆ ಗಟ್ಟಿಯಾಗುವ ಅಂಟು, ಇಲ್ಲಿ ಎಪಾಕ್ಸಿ) ಸೇರಿಸಿ ಮಾಡುವ ಚಿತ್ರಗಳ ಬಗ್ಗೆಯೇ ಇವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಹಲಗೆಗೆ ಕಡು ನೀಲಿ ಬಳಿದು, ಮೇಲೆ ಬಣ್ಣವಿಲ್ಲದ ಗಾಜಿನ ಚೂರು ಹರಡಿದೆ. ಆಗ ಸಖತ್ತಾಗಿ ಹೊಳೆಯುತ್ತಿತ್ತು. ಮೇಲೆ ರೆಸಿನ್ ಸುರಿದ ತಕ್ಷಣ ಹೊಳಪೆಲ್ಲ ಮಾಯ. ಗಾಜು ಇದೆಯೋ ಇಲ್ಲವೋ ಅನ್ನುವ ಹಾಗಾಗಿದೆ. ರೆಸಿನ್ ಕಳಪೆಯದಾ?

ರೆಸಿನ್‌ನದೇನೂ ತಪ್ಪಿಲ್ಲ. ನೀವು ಗಾಜನ್ನು ಪೂರ್ತಿ ಮುಳುಗಿಸಿಬಿಟ್ಟಿದ್ದೀರಿ, ಅಷ್ಟೇ.

ಗಾಜು ಹೊಳೆಯಬೇಕಾದರೆ ಅದರ ಪಕ್ಕದಲ್ಲಿ ಗಾಳಿ ಇರಬೇಕು. ಶಾಲೆಯಲ್ಲಿ ವಕ್ರೀಭವನ ಸೂಚ್ಯಂಕ ಅಂತ ಓದಿದ್ದೆವಲ್ಲ, ಅಂದರೆ ಒಂದು ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, ಅದೇ ಇಲ್ಲಿ ಕೆಲಸ ಮಾಡುವುದು. ಗಾಳಿಯದು 1, ಸಾಮಾನ್ಯ ಕಿಟಕಿ ಗಾಜಿನದು ಸುಮಾರು 1.52. ಈ ವ್ಯತ್ಯಾಸ ಇರುವುದರಿಂದಲೇ ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟು ಹಿಂದಕ್ಕೆ ಚಿಮ್ಮುತ್ತದೆ, ಓರೆಯಾಗಿ ಬಿದ್ದರೆ ಇನ್ನೂ ಜಾಸ್ತಿ. ಒಡೆದ ಚೂರಿಗೆ ನೂರೆಂಟು ಮುಖ, ಒಂದೊಂದೂ ಒಂದೊಂದು ದಿಕ್ಕಿಗೆ, ಅದಕ್ಕೇ ಆ ಮಿಂಚು. ಆದರೆ ಗಟ್ಟಿಯಾದ ಎಪಾಕ್ಸಿ ರೆಸಿನ್‌ನ ಸೂಚ್ಯಂಕ 1.50ರಿಂದ 1.57ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಗಾಜಿನಷ್ಟೇ. ಎರಡರ ನಡುವೆ ವ್ಯತ್ಯಾಸವೇ ಇಲ್ಲದ ಮೇಲೆ ಬೆಳಕಿಗೆ ಅಲ್ಲೊಂದು ಗಾಜಿದೆ ಅನ್ನುವುದೇ ಗೊತ್ತಾಗುವುದಿಲ್ಲ, ನೇರ ದಾಟಿ ಹೋಗುತ್ತದೆ. ನೀರಿನ ಲೋಟಕ್ಕೆ ತಿಳಿಯಾದ ಐಸ್ ತುಂಡು ಹಾಕಿದರೆ ಕಾಣೋದೇ ಕಷ್ಟ ಅಲ್ವಾ, ಇದೂ ಹಾಗೆಯೇ.

ಹಾಗಾದರೆ ಏನು ಮಾಡಬೇಕು? ಮೊದಲು ತೆಳ್ಳಗೆ ರೆಸಿನ್ ಹರಡಿ, ಅದು ಹಸಿ ಇರುವಾಗಲೇ ಚೂರುಗಳನ್ನು ಕೂರಿಸಿ. ಬುಡ ಮಾತ್ರ ರೆಸಿನ್‌ನಲ್ಲಿರಲಿ, ತಲೆ ಹೊರಗಿರಲಿ. ಆಮೇಲೆ ಮೇಲೆ ಏನನ್ನೂ ಸುರಿಯಬೇಡಿ. ಕೈ ತುಂಬ ತುರಿಸುತ್ತದೆ, ಇನ್ನೊಂದು ಪದರ ಹಾಕಿದರೆ ನುಣ್ಣಗೆ ಕಾಣುತ್ತೆ ಅಂತ. ಬೇಡ ಅಂದರೆ ಬೇಡ.

ಮುಳುಗಿಸಲೇಬೇಕು ಅಂತಿದ್ದರೆ ಬೇರೆ ಗಾಜು ಆರಿಸಿ. ಕನ್ನಡಿ ಚೂರು ಮುಳುಗಿದರೂ ಹೊಳೆಯುತ್ತದೆ, ಯಾಕೆಂದರೆ ಅಲ್ಲಿ ಹೊಳೆಯುವುದು ಹಿಂದಿನ ಲೋಹದ ಲೇಪ. ಬಣ್ಣದ ಗಾಜು ಹೊಳಪು ಕಳೆದುಕೊಂಡರೂ ಬಣ್ಣ ಉಳಿಸಿಕೊಳ್ಳುತ್ತದೆ. ಆದರೆ ಅದರ ಕೆಳಗೆ ಬಿಳಿ, ಬೆಳ್ಳಿ ಅಥವಾ ಚಿನ್ನದ ಬಣ್ಣ ಇರಬೇಕು. ಕಪ್ಪು ಅಥವಾ ಕಡು ನೀಲಿಯ ಮೇಲೆ ಹಸಿರು ಗಾಜು ಹಾಕಿದರೆ ಅದೂ ಕತ್ತಲೆಯೇ.

ಈಗ ಆಗಿರುವುದನ್ನು ಎಸೆಯಬೇಕಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಮೇಲ್ಮೈಯನ್ನು 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಒರೆಸಿ, ಎಲ್ಲಿ ಮಿಂಚು ಬೇಕೋ ಅಲ್ಲಿ ಮಾತ್ರ ತೆಳುವಾಗಿ ಹೊಸ ರೆಸಿನ್ ಹಚ್ಚಿ ಹೊಸ ಚೂರು ಕೂರಿಸಿ. ಉಜ್ಜಿ ಮಂಕಾದ ಉಳಿದ ಜಾಗಕ್ಕೂ ಬ್ರಷ್‌ನಲ್ಲಿ ತೆಳ್ಳಗೆ ಒಂದು ಕೈ ರೆಸಿನ್ ಹೊಡೆದರೆ ಮತ್ತೆ ತಿಳಿಯಾಗುತ್ತದೆ. ಒಳಗೆ ಮುಳುಗಿದ ಗಾಜು ಆಳ ಕೊಡುತ್ತದೆ, ಮೇಲಿನದು ಹೊಳಪು ಕೊಡುತ್ತದೆ. ನಿಜ ಹೇಳಬೇಕೆಂದರೆ ಮೊದಲ ಪ್ಲಾನಿಗಿಂತ ಇದೇ ಚೆನ್ನಾಗಿ ಬರಬಹುದು.

ಪ್ರಶ್ನೆ: ಮನೆಯಲ್ಲಿರುವ ಬಾಟಲಿ, ಹಳೇ ಟ್ಯೂಬ್‌ಲೈಟ್, ಒಡೆದ ಕಿಟಕಿ ಗಾಜು ಇವನ್ನೇ ಪುಡಿ ಮಾಡಿ ಬಳಸಬಹುದಾ?

ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಮುಟ್ಟಲೇಬೇಡಿ. ಒಳಗೆ ಪಾದರಸ ಇರುತ್ತದೆ, ಒಡೆದ ಕ್ಷಣ ಆವಿಯಾಗಿ ಹೊರಗೆ ಬರುತ್ತದೆ. ಹಳೇ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಅದೂ ಬೇಡ. ಸೀಸ ಬೆರೆತ ಕ್ರಿಸ್ಟಲ್ ಲೋಟಗಳನ್ನೂ ಪುಡಿ ಮಾಡಬೇಡಿ. ಕಾರಿನ ಮುಂದಿನ ಗಾಜು ವಿಷವಲ್ಲ, ಆದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಚೂರು ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಬಾಟಲಿ, ಕಿಟಕಿ ಗಾಜು ಆಗುತ್ತದೆ. ಬಾಟಲಿ ಚೂರು ಉದ್ದುದ್ದ, ಚೂಪು ಜಾಸ್ತಿ. ಟಫನ್ಡ್ ಗಾಜು ಒಡೆದರೆ ಸಣ್ಣ ಸಣ್ಣ ಕಾಳಿನ ಥರ ಉದುರುತ್ತದೆ, ಅಂಚು ಅಷ್ಟು ಚೂಪಿರುವುದಿಲ್ಲ, ಈ ಕೆಲಸಕ್ಕೆ ನನ್ನ ಮಟ್ಟಿಗೆ ಅದೇ ಬೆಸ್ಟ್. ಆದರೆ ಅದು ಒಡೆಯುವಾಗ ಸಿಡಿಯುತ್ತದೆ. ಯಾವ ಗಾಜೇ ಇರಲಿ, ದಪ್ಪ ಬಟ್ಟೆಯಲ್ಲಿ ಎರಡು ಮೂರು ಸುತ್ತು ಸುತ್ತಿ, ಬಟ್ಟೆಯನ್ನು ಒದ್ದೆ ಮಾಡಿಕೊಂಡು, ಕನ್ನಡಕ ಮತ್ತು ದಪ್ಪ ಗ್ಲೌಸ್ ಹಾಕಿ ಸುತ್ತಿಗೆಯಿಂದ ಹೊಡೆಯಿರಿ. ಒದ್ದೆ ಇದ್ದರೆ ದೂಳು ಏಳುವುದು ಕಡಿಮೆ. ಮಿಕ್ಸಿಗೆ ಹಾಕುತ್ತೇನೆ ಅಂತ ಒಬ್ಬರು ಬರೆದಿದ್ದಾರೆ, ದಯವಿಟ್ಟು ಬೇಡ.

ಕಲ್ಲು ಕೊರೆಯುವವರಿಗೆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಗಾಜಿನ ದೂಳಿನಿಂದಲೂ ಬರುತ್ತದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆ ಕಾಯಿಲೆ ತರುವುದು ಹರಳು ರೂಪದ ಸಿಲಿಕಾ (ಮರಳಿನ ಮುಖ್ಯ ಅಂಶ). ಗಾಜಿನಲ್ಲಿರುವ ಸಿಲಿಕಾಗೆ ಹರಳಿನ ರಚನೆ ಇಲ್ಲ. ಹಾಗಂತ ಗಾಜಿನ ದೂಳು ಕುಡಿಯಬಹುದು ಅಂತಲ್ಲ, ಗಂಟಲು, ಕಣ್ಣು, ಶ್ವಾಸಕೋಶ ಎಲ್ಲವನ್ನೂ ಕೆರೆಯುತ್ತದೆ. ಎನ್95 ಮಾಸ್ಕ್ ಇರಲಿ.

ಪುಡಿ ಆದ ಮೇಲೆ ಜರಡಿ ಹಿಡಿದು ದಪ್ಪ, ಸಣ್ಣ, ಹಿಟ್ಟು ಅಂತ ಬೇರೆ ಮಾಡಿ. ಸೋಪಿನ ನೀರಲ್ಲಿ ಬಕೆಟ್‌ನಲ್ಲೇ ತೊಳೆಯಿರಿ, ಸಿಂಕಿಗೆ ಸುರಿಯಬೇಡಿ. ಜಿಡ್ಡು ಇದ್ದರೆ ರೆಸಿನ್ ಗಾಜನ್ನು ಹಿಡಿಯುವುದಿಲ್ಲ. ತೊಳೆದ ಮೇಲೆ ಪೂರ್ತಿ ಒಣಗಬೇಕು, ಒಂದು ತೊಟ್ಟು ತೇವ ಉಳಿದರೂ ಆ ಜಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ ಅಂಚು ಸವೆಸಿದ ರೆಡಿಮೇಡ್ ಚೂರು ಸಿಗುತ್ತದೆ, ಮೊದಲ ಸಲಕ್ಕೆ ಅದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಮೂರು ದಿನವಾದರೂ ರೆಸಿನ್ ಅಲ್ಲಲ್ಲಿ ಅಂಟಂಟು. ಬಿಸಿಲಿಗೆ ಇಟ್ಟರೆ ಸರಿಹೋಗುತ್ತಾ?

ಹೋಗುವುದಿಲ್ಲ. ರೆಸಿನ್ ಬಣ್ಣದ ಹಾಗೆ ಒಣಗುವ ವಸ್ತು ಅಲ್ಲ. ರೆಸಿನ್ ಮತ್ತು ಹಾರ್ಡನರ್ ಒಂದಕ್ಕೊಂದು ಸೇರಿ ಗಟ್ಟಿಯಾಗುತ್ತವೆ. ಜೋಡಿ ಸಿಗದೆ ಉಳಿದ ಭಾಗ ವರ್ಷವಾದರೂ ಅಂಟಾಗಿಯೇ ಇರುತ್ತದೆ. ಪೂರ್ತಿ ಹಲಗೆಯೇ ಮೆತ್ತಗಿದ್ದರೆ ಅಳತೆ ತಪ್ಪಿದೆ ಅಥವಾ ಕೋಣೆ ತುಂಬ ತಣ್ಣಗಿತ್ತು ಅಂತ ಅರ್ಥ. ನಿಮ್ಮದು ಅಲ್ಲಲ್ಲಿ ಮಾತ್ರ, ಹಾಗಾಗಿ ಕಲಕಿದ್ದು ಸಾಲದು. ಲೋಟದ ಗೋಡೆಗೆ, ತಳಕ್ಕೆ ಅಂಟಿಕೊಂಡದ್ದು ಬೆರೆತಿರುವುದಿಲ್ಲ, ಕೊನೆಗೆ ಆಸೆಪಟ್ಟು ಕೆರೆದು ಸುರಿಯುತ್ತೇವಲ್ಲ, ಅಲ್ಲೇ ಅಂಟು ಉಳಿಯುವುದು. ಮೂರು ನಿಮಿಷವಾದರೂ ನಿಧಾನವಾಗಿ, ಗೋಡೆ ತಳ ಕೆರೆಯುತ್ತ ಕಲಕಿ. ಆಮೇಲೆ ಇನ್ನೊಂದು ಸ್ವಚ್ಛ ಲೋಟಕ್ಕೆ ಬಗ್ಗಿಸಿ ಮತ್ತೊಮ್ಮೆ ಕಲಕಿ.

ಅಳತೆ ವಿಷಯ: ಡಬ್ಬಿಯ ಮೇಲೆ 1:1 ಅಥವಾ 2:1 ಅಂತಿದ್ದರೆ ಅದು ಗಾತ್ರದ್ದಾ ತೂಕದ್ದಾ ನೋಡಿ. ಎರಡೂ ಒಂದೇ ಅಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವುದು ಅಂಟಿಗೆ ಆಹ್ವಾನ.

ರಿಪೇರಿ: ಅಂಟಾದ ಭಾಗವನ್ನು ಕೆರೆದು ತೆಗೆಯಿರಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಸುತ್ತಲಿನ ಗಟ್ಟಿ ಭಾಗ ಉಜ್ಜಿ, ಹೊಸದಾಗಿ ಸುರಿಯಿರಿ. ಅಂಟಿಲ್ಲ, ಬರೀ ಜಿಡ್ಡು ಜಿಡ್ಡಾಗಿದೆ ಅಂದರೆ ಅದು ತೇವದ ಹವೆಯಲ್ಲಿ ಹಾರ್ಡನರ್ ಮೇಲೆ ಬಂದು ಕಟ್ಟಿದ ಪೊರೆ. ಉಗುರುಬೆಚ್ಚಗಿನ ನೀರು, ಸೋಪಲ್ಲಿ ತೊಳೆದರೆ ಹೋಗುತ್ತದೆ.

ಪ್ರಶ್ನೆ: ಅಕ್ರಿಲಿಕ್ ಬಣ್ಣವನ್ನೇ ರೆಸಿನ್‌ಗೆ ಬೆರೆಸಬಹುದಾ?

ಸ್ವಲ್ಪ ಬೆರೆಸಬಹುದು. ಅಕ್ರಿಲಿಕ್‌ನಲ್ಲಿ ನೀರಿದೆ ಅನ್ನುವುದು ನೆನಪಿರಲಿ. ಒಟ್ಟು ತೂಕದಲ್ಲಿ ಶೇ. 5 ದಾಟದ ಹಾಗೆ ನೋಡಿಕೊಳ್ಳಿ, ದಾಟಿದರೆ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಮೆತ್ತಗೆ ಉಳಿಯಬಹುದು. ಪಾರದರ್ಶಕ ಬಣ್ಣ ಬೇಕಿದ್ದರೆ ರೆಸಿನ್‌ಗೆಂದೇ ಮಾಡಿದ ಪಾರದರ್ಶಕ ಡೈ, ಮುತ್ತಿನ ಹೊಳಪು ಬೇಕಿದ್ದರೆ ಮೈಕಾ ಪುಡಿ ಒಳ್ಳೆಯದು. ಹಲಗೆಗೆ ಬಳಿದ ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆಯೇ ರೆಸಿನ್ ಸುರಿಯಿರಿ, ದಪ್ಪಗೆ ಬಳಿದಿದ್ದರೆ ಒಂದೆರಡು ದಿನ ಜಾಸ್ತಿಯೇ ಕಾಯಿರಿ. ಆಯಿಲ್ ಪೇಂಟ್ ಆದರೆ ತಿಂಗಳುಗಟ್ಟಲೆ ಕಾಯಬೇಕು, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ.

ಪ್ರಶ್ನೆ: ನನ್ನ ರೆಸಿನ್‌ಗೆ ವಾಸನೆಯೇ ಇಲ್ಲ. ಆದರೂ ಮಾಸ್ಕ್ ಬೇಕಾ? ಇತ್ತೀಚೆಗೆ ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆ ಬರುತ್ತಿದೆ, ಇದಕ್ಕೂ ರೆಸಿನ್‌ಗೂ ಸಂಬಂಧ ಇದೆಯಾ?

ಇರುವ ಸಾಧ್ಯತೆ ತುಂಬ ಜಾಸ್ತಿ. ಕೆಲಸ ನಿಲ್ಲಿಸಿ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಗಟ್ಟಿಯಾಗದ ಎಪಾಕ್ಸಿ ಮತ್ತು ಅದರ ಹಾರ್ಡನರ್ ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಹೆಸರುವಾಸಿ. ಇದರ ಕೆಟ್ಟ ಗುಣ ಏನೆಂದರೆ ಮೊದಮೊದಲು ಏನೂ ಆಗುವುದಿಲ್ಲ. ನನಗೇನೂ ಆಗಲ್ಲ ಬಿಡಿ ಅಂತ ಬರಿಗೈಯಲ್ಲಿ ಮಾಡುತ್ತಿರುತ್ತೇವೆ. ಒಮ್ಮೆ ಮೈ ಅದನ್ನು ಗುರುತು ಹಿಡಿದುಬಿಟ್ಟರೆ ಆಮೇಲೆ ಒಂದು ಹನಿ ಸೋಕಿದರೂ ಗುಳ್ಳೆ, ತುರಿಕೆ. ಸಾಮಾನ್ಯವಾಗಿ ಈ ಅಲರ್ಜಿ ಜೀವನಪೂರ್ತಿ ಉಳಿಯುತ್ತದೆ, ಈ ಕಲೆಯನ್ನೇ ಬಿಟ್ಟವರಿದ್ದಾರೆ. ಹಾಗಾಗಿ ಇದೊಂದು ವಿಷಯದಲ್ಲಿ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ.

ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ ಕಡ್ಡಾಯ. ನಿಮಗೆ ಗುಳ್ಳೆ ಬಂದಿರುವುದೂ ಗ್ಲೌಸ್ ಮುಗಿಯುವ ಜಾಗದಲ್ಲೇ, ನೋಡಿ. ಗಾಜಿನ ಚೂರು ಗ್ಲೌಸಿಗೆ ಕಾಣದ ತೂತು ಮಾಡುತ್ತದೆ, ಅದಕ್ಕೆ ಚೂರನ್ನು ಚಿಮಟದಲ್ಲಿ ಅಥವಾ ಚಮಚದಲ್ಲಿ ಹಾಕಿ, ಗ್ಲೌಸ್ ಆಗಾಗ ಬದಲಿಸಿ. ಚರ್ಮಕ್ಕೆ ತಾಗಿದರೆ ಥಿನ್ನರ್, ಅಸಿಟೋನ್ ಹಚ್ಚಿ ಒರೆಸಬೇಡಿ. ಅವು ರೆಸಿನ್ನನ್ನು ಕರಗಿಸಿ ಇನ್ನಷ್ಟು ಒಳಕ್ಕೆ ಕಳಿಸುತ್ತವೆ. ಟಿಶ್ಯೂದಲ್ಲಿ ಒರೆಸಿ, ಸೋಪು ನೀರು ಸಾಕು.

ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಅಂತಲ್ಲ. ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಅಥವಾ ದೊಡ್ಡ ಕೆಲಸಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ರಾಸಾಯನಿಕ ಆವಿ ಹೀರಿಕೊಳ್ಳುವ ಡಬ್ಬಿ) ಇರುವ ಮಾಸ್ಕ್ ಬೇಕು. ಎನ್95 ದೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಗಾಜು ಒಡೆಯುವಾಗ ಮತ್ತು ಗಟ್ಟಿಯಾದ ರೆಸಿನ್ ಉಜ್ಜುವಾಗ ಎನ್95, ಸುರಿಯುವಾಗ ಕಾರ್ಟ್ರಿಜ್.

ಪ್ರಶ್ನೆ: ಚೂರುಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತವೆ. ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದರೂ ಹೋಗುವುದಿಲ್ಲ.

ಟಾರ್ಚ್ ಮೇಲ್ಮೈಯ ಗುಳ್ಳೆ ಮಾತ್ರ ಒಡೆಯುತ್ತದೆ, ಆಳದ್ದಲ್ಲ. ಸುರಿಯುವ ಮೊದಲೇ ಚೂರುಗಳನ್ನು ಬೇರೆ ಲೋಟದಲ್ಲಿ ಸ್ವಲ್ಪ ರೆಸಿನ್ ಜೊತೆ ಕಲಸಿ, ಎಲ್ಲ ಮುಖವೂ ಒದ್ದೆಯಾದ ಮೇಲೆ ಹಲಗೆಗೆ ಹಾಕಿ. ಇದು ಮುಳುಗಿಸುವ ಚೂರಿಗೆ ಮಾತ್ರ. ತಲೆ ಹೊರಗಿರಬೇಕಾದ ಚೂರನ್ನು ಹೀಗೆ ಕಲಸಬೇಡಿ. ಟಾರ್ಚನ್ನು ಒಂದೇ ಕಡೆ ಹಿಡಿದು ನಿಲ್ಲಬೇಡಿ, ಗಾಜು ಬಿಸಿಗೆ ಚಟ್ ಅಂತ ಸೀಳುತ್ತದೆ.

ಪ್ರಶ್ನೆ: ಬೇಗ ಆಗುತ್ತದೆ ಅಂತ ಯುವಿ ರೆಸಿನ್ (ನೇರಳಾತೀತ ಬೆಳಕು ಬಿದ್ದರೆ ಗಟ್ಟಿಯಾಗುವುದು) ಬಳಸಿದರೆ?

ತೆಳ್ಳಗಿನ ಒಡವೆಗೆ ಸರಿ. ಇಲ್ಲಿ ಬೇಡ. ಬಣ್ಣದ ಗಾಜಿನ, ಕನ್ನಡಿಯ ನೆರಳಲ್ಲಿರುವ ರೆಸಿನ್‌ಗೆ ಬೆಳಕು ಮುಟ್ಟುವುದಿಲ್ಲ, ಅಲ್ಲಿ ಹಸಿಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಎಷ್ಟು ವರ್ಷಕ್ಕೆ ಹಳದಿಯಾಗುತ್ತದೆ? ಹಳದಿಯಾಗದ ರೆಸಿನ್ ಯಾವುದು?

ಎಂದೂ ಹಳದಿಯಾಗದ ಎಪಾಕ್ಸಿ ಇಲ್ಲ. ನಿಧಾನವಾಗಿ ಆಗುವುದು, ಬೇಗ ಆಗುವುದು ಅಂತ ಎರಡೇ ಜಾತಿ. ಯುವಿ ತಡೆ ಮತ್ತು ಸ್ಟೆಬಿಲೈಸರ್ (ಹಳದಿಯಾಗುವುದನ್ನು ನಿಧಾನ ಮಾಡುವ ರಾಸಾಯನಿಕ) ಎರಡೂ ಬೆರೆಸಿದ್ದು ಅಂತ ಬರೆದಿರುವುದನ್ನು ಆರಿಸಿ, ನೇರ ಬಿಸಿಲು ಬೀಳದ ಗೋಡೆಗೆ ಹಾಕಿ. ಶಿಲ್ಪಿ ಇವಾ ಹೆಸ್ಸೆ 1960ರ ದಶಕದ ಕೊನೆಯಲ್ಲಿ ಫೈಬರ್‌ಗ್ಲಾಸ್ ಮತ್ತು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಮಾಡಿದ ಕೃತಿಗಳು ಮ್ಯೂಸಿಯಮ್‌ಗಳ ಆರೈಕೆಯಲ್ಲಿದ್ದೂ ಹಳದಿಗೆ ತಿರುಗಿವೆ. ಅದು ಬೇರೆ ಜಾತಿಯ ರೆಸಿನ್, ಆದರೂ ಪಾಠ ಒಂದೇ. ಬಿಳಿ ಹಿನ್ನೆಲೆಯಲ್ಲಿ ಹಳದಿ ಬೇಗ ಕಣ್ಣಿಗೆ ಬೀಳುತ್ತದೆ, ಹಸಿರು, ಕಂದು, ಚಿನ್ನದ ಬಣ್ಣಗಳಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ದೀರ್ಘಕಾಲ ಇರಬೇಕಾದ ಕೆಲಸಕ್ಕೆ ಬಣ್ಣ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಉಳಿದ ರೆಸಿನ್ ಲೋಟದಲ್ಲೇ ಹೊಗೆಯಾಡಿತು. ಗಾಬರಿಯಾಯಿತು!

ಆಗಲೇಬೇಕು. ಬೆರೆತಾಗ ಬಿಸಿ ಹುಟ್ಟುತ್ತದೆ, ಹಲಗೆ ಮೇಲೆ 3 ಮಿ.ಮೀ. ತೆಳುವಾಗಿ ಹರಡಿದಾಗ ಅದು ಹಾರಿಹೋಗುತ್ತದೆ, ಲೋಟದಲ್ಲಿ ಮುದ್ದೆಯಾಗಿದ್ದರೆ ಹಾರಲು ಜಾಗವಿಲ್ಲ. ಉಳಿದದ್ದನ್ನು ಹಳೇ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿಬಿಡಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಹಸಿ ರೆಸಿನ್ ಚರಂಡಿಗೂ ಬೇಡ, ಮುಚ್ಚಿದ ಕಸದ ಬುಟ್ಟಿಗೂ ಬೇಡ.

ಪ್ರಶ್ನೆ: ಕ್ಯಾನ್ವಾಸ್ ಮಧ್ಯದಲ್ಲಿ ಜೋತು ಬಿದ್ದು ರೆಸಿನ್ ಎಲ್ಲ ಅಲ್ಲಿಗೇ ಹರಿಯಿತು. ಏನು ಮಾಡಲಿ?

ಮುಂದಿನ ಸಲ ಕ್ಯಾನ್ವಾಸ್ ಬಿಡಿ, ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಿಡಿಯಿರಿ. ಲೆಕ್ಕ ನೋಡಿ: 60×90 ಸೆಂ.ಮೀ. ಹಲಗೆಗೆ 3 ಮಿ.ಮೀ. ಪದರ ಅಂದರೆ 1.6 ಲೀಟರ್ ರೆಸಿನ್, ಸುಮಾರು 1.8 ಕೆ.ಜಿ. ಗಾಜು ಅದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಸಾಂದ್ರ. ಎರಡು ಹಿಡಿ ಚೂರು ಹಾಕಿದರೂ ಬಟ್ಟೆ ತಡೆಯುವುದಿಲ್ಲ. ಹಲಗೆಗೆ ಮೊದಲು ಎರಡು ಕೈ ಪ್ರೈಮರ್ ಹೊಡೆಯಿರಿ, ಇಲ್ಲದಿದ್ದರೆ ಮರದೊಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಸುರಿಯುವ ಮುನ್ನ ಲೆವೆಲ್ ಇಟ್ಟು ಸಮತಟ್ಟು ನೋಡಿ. ನೇತುಹಾಕುವಾಗ ಒಂದು ಮೊಳೆಗೆ ದಾರ ಕಟ್ಟಿ ಬಿಡಬೇಡಿ. ಹಲಗೆಯ ಹಿಂದಿನ ಚೌಕಟ್ಟಿಗೆ ಎರಡು ಕೊಕ್ಕೆ, ಗೋಡೆಗೆ ಎರಡು ಸ್ಕ್ರೂ. ಚೂರುಗಳ ತಲೆ ಹೊರಗಿರುವ ಚಿತ್ರವಾದರೆ ಮಕ್ಕಳ ಕೈಗೆ ಎಟುಕದ ಎತ್ತರಕ್ಕೆ ಹಾಕಿ.