ಹವಾನಾದಲ್ಲಿ ಟೂರ್ನಿ, ನ್ಯೂಯಾರ್ಕ್‌ನಲ್ಲಿ ಫಿಶರ್

ಪ್ರಶ್ನೆ: ಕ್ಯೂಬಾದ ಕಾಪಾಬ್ಲಾಂಕಾ ಸ್ಮಾರಕ ಚೆಸ್ ಟೂರ್ನಿಯಲ್ಲಿ ಅಮೆರಿಕದ ಬಾಬಿ ಫಿಶರ್ ಊರು ಬಿಟ್ಟು ಕದಲದೆ ಆಡಿದ್ದರಂತೆ. ಆಗ ಇಂಟರ್‌ನೆಟ್ ಇರಲಿಲ್ಲ, ಅಲ್ವಾ? ಹೇಗೆ ಆಡಿದರು? ಗೆದ್ದರಾ?

ಉತ್ತರ: ಆಡಿದ್ದು ನಿಜ. ಆದರೆ ಗೆಲ್ಲಲಿಲ್ಲ.

ಕಾಪಾಬ್ಲಾಂಕಾ ಕ್ಯೂಬಾದ ರಾಜಧಾನಿ ಹವಾನಾದವರು. 1921ರಲ್ಲಿ ಅದೇ ಊರಲ್ಲಿ ಲಾಸ್ಕರ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅವರ ನೆನಪಿನ ಟೂರ್ನಿ 1962ರಲ್ಲಿ ಶುರುವಾಯಿತು. ಚೆಸ್ ಹುಚ್ಚಿದ್ದ ಕ್ಯೂಬಾ ಕ್ರಾಂತಿಯ ನಾಯಕ ಚೆ ಗುವೆರಾ ಅದರ ಬೆನ್ನಿಗಿದ್ದರು.

1965ರ ಟೂರ್ನಿಗೆ ಫಿಶರ್‌ಗೂ ಕರೆ ಬಂತು. ಆದರೆ ಕ್ಯೂಬಾಗೆ ಹೋಗಲು ಅಮೆರಿಕ ಸರ್ಕಾರ ಬಿಡಲಿಲ್ಲ. ಸರಿ, ಅವರು ನ್ಯೂಯಾರ್ಕ್‌ನ ಮಾರ್ಷಲ್ ಚೆಸ್ ಕ್ಲಬ್ಬಿನಲ್ಲಿ ಕೂತರು. ಅವರ ನಡೆ ಟೆಲೆಕ್ಸ್‌ನಲ್ಲಿ (ಟೈಪ್ ಮಾಡಿದ ಸಂದೇಶವನ್ನು ದೂರದ ಯಂತ್ರಕ್ಕೆ ಕಳಿಸುವ ವ್ಯವಸ್ಥೆ) ಹವಾನಾ ಸೇರಬೇಕು, ಎದುರಾಳಿಯ ನಡೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹವಾನಾದ ಬೋರ್ಡಿನ ಮುಂದೆ ಫಿಶರ್ ಪರವಾಗಿ ಕಾಯಿ ನಡೆಸಿದವರು ಯಾರು ಗೊತ್ತಾ? ಕಾಪಾಬ್ಲಾಂಕಾ ಅವರ ಮಗ!

ಆಟ ಶುರುವಾಗುವ ಮೊದಲೇ ಒಂದು ಜಟಾಪಟಿ ಆಯಿತು. ತಮ್ಮ ಹೆಸರನ್ನು ಪ್ರಚಾರಕ್ಕೆ ಬಳಸಬಾರದು ಎಂದು ಫಿಶರ್ ಕ್ಯೂಬಾದ ನಾಯಕ ಕ್ಯಾಸ್ಟ್ರೋಗೆ ತಂತಿ ಕಳಿಸಿದರು. ನಮಗೆ ಅಂಥ ಪ್ರಚಾರ ಬೇಕಿಲ್ಲ, ಹೆದರಿಕೆಯಾದರೆ ಬೇರೆ ನೆಪ ಹುಡುಕಿಕೊಳ್ಳಿ ಎಂಬರ್ಥದ ಖಾರದ ಉತ್ತರ ಬಂತು. ಫಿಶರ್ ಸುಮ್ಮನೆ ಆಡಲು ಕೂತರು.

ಟೆಲೆಕ್ಸ್‌ಗೆ ಕಾಯುವ ಕಷ್ಟ ಇಬ್ಬರು ಆಟಗಾರರಿಗೂ ಒಂದೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಉಳಿದವರು ಈ ಕಾಯುವ ಕಾಟ ಅನುಭವಿಸಿದ್ದು ಒಂದೇ ಆಟದಲ್ಲಿ. ಫಿಶರ್ 21 ಆಟದಲ್ಲೂ ಅನುಭವಿಸಿದರು. ಒಂದು ಆಟ ಎಂಟು ಗಂಟೆ ದಾಟಿದ್ದೂ ಉಂಟು. ಅವರಿಗೆ ಆಗ 22 ವರ್ಷ.

ಇಷ್ಟಾದರೂ 12 ಗೆಲುವು, 6 ಡ್ರಾ, 3 ಸೋಲು: ಗೆಲುವಿಗೆ ಒಂದು, ಡ್ರಾಗೆ ಅರ್ಧ ಎಂದು ಒಟ್ಟು 15 ಅಂಕ. ಇವ್ಕೋವ್ ಮತ್ತು ಗೆಲ್ಲರ್ ಅವರದ್ದೂ ಅಷ್ಟೇ. ಮಾಜಿ ವಿಶ್ವ ಚಾಂಪಿಯನ್ ಸ್ಮಿಸ್ಲೋವ್ ಬರೀ ಅರ್ಧ ಅಂಕ ಜಾಸ್ತಿ ಗಳಿಸಿ ಮೊದಲಿಗರಾದರು.

ನಿಜಕ್ಕೂ ಅಯ್ಯೋ ಪಾಪ ಅನ್ನಬೇಕಾದದ್ದು ಫಿಶರ್‌ಗಲ್ಲ, ಯುಗೊಸ್ಲಾವಿಯಾದ ಇವ್ಕೋವ್‌ಗೆ. ಟೂರ್ನಿ ಮುಗಿಯುವ ಹೊತ್ತಿಗೆ ಅವರೇ ಮುಂದಿದ್ದರು. ಪಟ್ಟಿಯ ತಳದಲ್ಲಿದ್ದ ಕ್ಯೂಬಾದ ಗಿಲ್ಬರ್ಟೋ ಗಾರ್ಸಿಯಾ ವಿರುದ್ಧ ಗೆಲ್ಲುವ ಆಟವೇ ಕೈಯಲ್ಲಿತ್ತು. ಅಲ್ಲಿ ಅವರು ಡಿ ಸಾಲಿನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದರು. ಗಾರ್ಸಿಯಾ ಅವರ ಬಿಷಪ್ ಸಿ3 ಮನೆಗೆ ಬಂತು. ಮೇಟ್ (ರಾಜ ಸಿಕ್ಕಿಬಿದ್ದು ಆಟ ಸೋಲುವುದು) ತಪ್ಪಿಸಲು ದಾರಿಯೇ ಉಳಿಯಲಿಲ್ಲ. ಆ ಅಂಕ ಸಿಕ್ಕಿದ್ದರೆ ಮೊದಲ ಬಹುಮಾನ ಇವ್ಕೋವ್ ಅವರದ್ದೇ.

ಮುಂದಿನ ವರ್ಷ, 1966ರ ಚೆಸ್ ಒಲಿಂಪಿಯಾಡ್‌ಗೆ (ದೇಶಗಳ ತಂಡಗಳ ಟೂರ್ನಿ), ಫಿಶರ್ ಖುದ್ದಾಗಿ ಹವಾನಾಗೆ ಹೋದರು.

ಬೋರ್ಡ್ ಹಾಕಿ ನೋಡುವ ಮನಸ್ಸಿದ್ದರೆ 1965ರ ಫಿಶರ್–ಸ್ಮಿಸ್ಲೋವ್ ಆಟದಿಂದ ಶುರು ಮಾಡಿ. ಟೂರ್ನಿ ಗೆದ್ದವರನ್ನೇ ಫಿಶರ್ ಅದರಲ್ಲಿ ಸೋಲಿಸಿದ್ದಾರೆ. ಇ ಸಾಲಿನಲ್ಲಿ ಒಂದರ ಹಿಂದೊಂದು ನಿಂತುಬಿಟ್ಟ ಕಪ್ಪು ಕಾಲಾಳುಗಳನ್ನು ಅವರು ಎಷ್ಟು ತಾಳ್ಮೆಯಿಂದ ಕಾಡುತ್ತಾರೆ ಗಮನಿಸಿ.