ಟೈರ್ ಸೈಜ್ ಸರಿ ಇತ್ತು, ವೀಲ್ ನಿಲ್ಲುವ ಜಾಗ ತಪ್ಪಿತ್ತು

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಮೇಲೆ. ಎಲೆಕ್ಟ್ರಿಕ್ ಎಸ್‌ಯುವಿಗೆ 17 ಇಂಚಿನ ಅಲಾಯ್ ಹಾಕಿಸಲೋ 18 ಇಂಚಿನದೋ, ಅಗಲದ ಪರ್ಫಾರ್ಮೆನ್ಸ್ ಟೈರ್ ಹಾಕಿದರೆ ಗ್ರಿಪ್ ಎಷ್ಟು ಬರುತ್ತೆ, ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಎಷ್ಟು ಕಮ್ಮಿಯಾಗುತ್ತೆ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಪಕ್ಕದಲ್ಲಿದ್ದ ಹೆಂಡತಿ, "ಇರೋ ಚಕ್ರಕ್ಕೆ ಏನಾಗಿದೆ?" ಅಂದಳು. ಕೇಳಬೇಕಾಗಿದ್ದ ಪ್ರಶ್ನೆ ಅದು ಅಂತ ಗೊತ್ತಾಗಲು ನನಗೆ ಎಂಟು ತಿಂಗಳು ಮತ್ತು ಒಂದು ಲಕ್ಷ ರೂಪಾಯಿ ಬೇಕಾಯಿತು.

ನನ್ನದು ಮುಂದಿನ ಚಕ್ರಗಳನ್ನು ಎಳೆಯುವ ಮೋಟಾರ್, ಸುಮಾರು 40 ಯೂನಿಟ್ ಬ್ಯಾಟರಿ. ಕಂಪನಿಯಿಂದ ಬಂದ ಟೈರ್ 215/60 ಆರ್16, ಅಂದರೆ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ 60 ಪರ್ಸೆಂಟ್, ಅದು ಕೂರುವ ವೀಲ್ 16 ಇಂಚು. ಸ್ಪೋರ್ಟ್ ಮೋಡ್‌ನಲ್ಲಿ ಸಿಗ್ನಲ್ ಬಿಟ್ಟ ತಕ್ಷಣ ಕಾಲು ಒತ್ತಿದರೆ ಚಕ್ರ ಕಿರ್ರೆನ್ನುತ್ತಿತ್ತು. ಮಳೆ ಬಿದ್ದರಂತೂ ಮುಂದಿನ ಎರಡೂ ಚಕ್ರ ನಿಂತಲ್ಲೇ ಸುತ್ತುತ್ತಿದ್ದವು. ಗ್ರಿಪ್ ಸಾಲದು, ಅಗಲ ಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ನಿಜ ಹೇಳಬೇಕೆಂದರೆ ಗ್ರಿಪ್ ಅರ್ಧ ಕಾರಣ. ಅಷ್ಟು ದೊಡ್ಡ ಬಾಡಿಗೆ ಆ 16 ಇಂಚಿನ ಚಕ್ರ ನೋಡಿದಾಗಲೆಲ್ಲ ಸೂಟು ಹಾಕಿಕೊಂಡು ಹವಾಯಿ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತಿತ್ತು. ನಿಮಗೂ ಹಾಗೇ ಅಲ್ವಾ?

ಲೆಕ್ಕ ಮಾಡದೆ ಹೋಗಿರಲಿಲ್ಲ ನಾನು. ಅದೇ ನೋಡಿ ಬೇಜಾರು. ಒಂದು ವಾರ ಕೂತು ವ್ಯಾಸದ ಲೆಕ್ಕ ಹಾಕಿದ್ದೆ. 215/60 ಆರ್16 ಅಂದರೆ ಟೈರ್ ಸೇರಿ ಚಕ್ರದ ಎತ್ತರ 664 ಮಿಲಿಮೀಟರ್. 235/45 ಆರ್18 ಹಾಕಿದರೆ 669. ಒಂದು ಪರ್ಸೆಂಟ್ ಕೂಡ ವ್ಯತ್ಯಾಸ ಇಲ್ಲ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್‌ಗೆ ಗೊಂದಲ ಇಲ್ಲ. ಲೋಡ್ ಇಂಡೆಕ್ಸ್ ಕೂಡ ನೋಡಿದ್ದೆ. ಹಳೆಯದು 95, ಅಂದರೆ ಒಂದು ಟೈರ್ 690 ಕೆ.ಜಿ.ವರೆಗೆ ಹೊರಬಲ್ಲದು. ಹೊಸದು 98, ಅಂದರೆ 750 ಕೆ.ಜಿ. ಅಲಾಯ್ 48 ಸಾವಿರ, ಟೈರ್ 56 ಸಾವಿರ. ಕಾಗದದ ಮೇಲೆ ಎಲ್ಲ ಸರಿ ಇತ್ತು. ನಮ್ಮ ಕಾರಿನ ಪೆಟ್ರೋಲ್ ಮಾಡೆಲ್‌ಗೆ ಇದೇ ಅಲಾಯ್ ಹಾಕಿದ್ದ ಫೋಟೊ ಬೇರೆ ನೋಡಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಅದರ ಡಿಕ್ಕಿ ಖಾಲಿ ಇತ್ತು, ಒಳಗೆ ಯಾರೂ ಕೂತಿರಲಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ನಾನು ನೋಡದೆ ಬಿಟ್ಟ ಒಂದು ಸಂಖ್ಯೆ ಇತ್ತು. ಇಟಿ.

ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಗಡಿಯವರು ಇಂಚು ಹೇಳುತ್ತಾರೆ, ನಟ್ಟಿನ ತೂತು ಕೂರುತ್ತದೆ ಅನ್ನುತ್ತಾರೆ, ಕಲರ್ ತೋರಿಸುತ್ತಾರೆ. ಇಟಿ ಬಗ್ಗೆ ನಾವಾಗಿ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಚಕ್ರದ ಅಗಲದ ಸರಿಯಾಗಿ ನಡುವೆ ಒಂದು ಗೆರೆ ಎಳೆಯಿರಿ. ಚಕ್ರ ಕಾರಿನ ಹಬ್‌ಗೆ, ಅಂದರೆ ಅದನ್ನು ನಟ್ಟು ಹಾಕಿ ಬಿಗಿಯುವ ನಡುಭಾಗಕ್ಕೆ, ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವುದೇ ಇಟಿ, ಆಫ್‌ಸೆಟ್ ಅಂತಲೂ ಕರೆಯುತ್ತಾರೆ. ಈ ಸಂಖ್ಯೆ ಜಾಸ್ತಿ ಇದ್ದರೆ ಚಕ್ರ ಕಾರಿನ ಒಳಕ್ಕೆ ಸರಿದು ನಿಲ್ಲುತ್ತದೆ. ಕಮ್ಮಿ ಇದ್ದರೆ ಹೊರಕ್ಕೆ ಬರುತ್ತದೆ. ಅಷ್ಟೇ. ಒಂದು ನಿಮಿಷದಲ್ಲಿ ಅರ್ಥವಾಗುವ ವಿಷಯ.

ನನ್ನ ಹಳೆ ವೀಲ್ ಇಟಿ 42. ಹೊಸದು ಇಟಿ 30. ಟೈರ್ 215ರಿಂದ 235 ಆಯಿತು, ಅಂದರೆ 20 ಮಿಲಿಮೀಟರ್ ಅಗಲ ಜಾಸ್ತಿ. ಇಟಿ ಅದೇ 42 ಇದ್ದಿದ್ದರೆ 10 ಒಳಗೆ, 10 ಹೊರಗೆ ಹಂಚಿಕೊಳ್ಳುತ್ತಿತ್ತು. ಆದರೆ ಇಟಿ 12 ಕಮ್ಮಿ ಆದ್ದರಿಂದ ಇಡೀ ಚಕ್ರವೇ 12 ಮಿಲಿಮೀಟರ್ ಹೊರಕ್ಕೆ ಜರುಗಿತು. ಹೊರಗೆ 10 ಕೂಡಿಸು 12, ಒಟ್ಟು 22. ಒಳಗೆ 10 ಕಳೆ 12, ಅಂದರೆ ಮೊದಲಿಗಿಂತ 2 ಮಿಲಿಮೀಟರ್ ಜಾಗ ಇನ್ನೂ ಜಾಸ್ತಿ! ಅಂಗಡಿಯ ಹುಡುಗ ಒಳಗಡೆ ಟಾರ್ಚ್ ಬಿಟ್ಟು, ಶಾಕ್ ಅಬ್ಸಾರ್ಬರ್ ಪಕ್ಕ ಬೆರಳು ತೂರಿಸಿ, "ಸಾರ್, ಗ್ಯಾಪ್ ಸೂಪರ್ ಆಗಿದೆ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಜಾಗ ಇದ್ದದ್ದು ಒಳಗೆ, ನಾನು ಅಗಲ ಮಾಡಿದ್ದು ಹೊರಗೆ. ಹೊರಗಡೆ ಒಂದು ರೂಪಾಯಿ ನಾಣ್ಯದ ಅಗಲದಷ್ಟು ಟೈರ್ ಆಚೆ ಬಂದಿತ್ತು. ಅದನ್ನು ನೋಡಿ ನಾನು "ಆಹಾ, ಏನು ಗತ್ತು" ಅಂದುಕೊಂಡೆ.

ಮೊದಲ ತಿಂಗಳಲ್ಲೇ ಸ್ಟೇರಿಂಗ್ ಬದಲಾಯಿತು. ರಸ್ತೆಯಲ್ಲಿ ಉದ್ದುದ್ದ ಗೀರು ಇದ್ದರೆ ಕಾರು ಅದರ ಹಿಂದೆಯೇ ಹೋಗಲು ನೋಡುತ್ತಿತ್ತು. 80 ದಾಟಿದರೆ ನಡುಕ. ಹೊಸ ಅಲಾಯ್‌ನ ನಡುವಿನ ತೂತು ನಮ್ಮ ಹಬ್‌ಗಿಂತ ದೊಡ್ಡದಿತ್ತು, ನಾನೂರು ರೂಪಾಯಿಯ ರಿಂಗ್ ಹಾಕಿಸಿದ ಮೇಲೆ ನಡುಕ ಹೋಯಿತು. ದೊಡ್ಡ ಹಂಪ್ ಮೇಲೆ ಹಿಂದಿನಿಂದ ಸಣ್ಣದಾಗಿ "ಝರ್" ಅನ್ನುತ್ತಿತ್ತು. ಡಿಕ್ಕಿಯಲ್ಲಿ ಏನೋ ಜರುಗುತ್ತಿದೆ ಅಂದುಕೊಂಡು ಡಿಕ್ಕಿ ಖಾಲಿ ಮಾಡಿದೆ. ಸದ್ದು ನಿಂತಿತು. ಭಾರ ಕಮ್ಮಿಯಾಗಿ ನಿಂತಿದ್ದು ಅಂತ ಆಗ ತಲೆಗೆ ಹೋಗಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ ಭಾವನ ಮನೆ ಒಕ್ಕಲು ಇತ್ತು. ನಾನು, ಹೆಂಡತಿ, ಮಗಳು, ಅಪ್ಪ, ಅಮ್ಮ. ಡಿಕ್ಕಿಯಲ್ಲಿ ಉಡುಗೊರೆಯ ಗ್ರೈಂಡರ್, ಬಟ್ಟೆ, ಪಾತ್ರೆ. ಹಾಸನದಲ್ಲಿ ಚಾರ್ಜ್‌ಗೆ ಹಾಕಿ ಊಟ ಮಾಡಿ, ಸಕಲೇಶಪುರ ದಾಟಿ, ದೋಣಿಗಾಲ್ ಬಿಟ್ಟು ಶಿರಾಡಿ ಘಾಟಿ ಇಳಿಯತೊಡಗಿದೆವು. ಎಡ ತಿರುವಿನಲ್ಲಿ ಒಂದು ಕುಣಿ. ಹಿಂದಿನ ಬಲಗಡೆಯಿಂದ "ಝರ್ರ್ರ್" ಅಂತ ಜೋರಾಗಿ ಬಂತು. ಇನ್ನೊಂದು ತಿರುವಿನಲ್ಲಿ ಮತ್ತೆ. ಅಮ್ಮ, "ಏನೋ ಸುಟ್ಟ ವಾಸನೆ ಕಣೋ" ಅಂದರು. ಮುಂದಿನ ಲಾರಿಯ ಬ್ರೇಕ್ ಅಂತ ಹೇಳಿ ಅವರ ಬಾಯಿ ಮುಚ್ಚಿಸಿದೆ. ಗುಂಡ್ಯ ಹತ್ತಿರ ಬರುವ ಹೊತ್ತಿಗೆ ಗಾಳಿ ಕಮ್ಮಿ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ದೀಪ.

ಇಳಿದು ನೋಡಿದರೆ ಬಲಗಡೆ ಹಿಂದಿನ ಟೈರ್‌ನ ಹೊರ ಅಂಚು ಚಕ್ಕುಲಿ ಒರಳಿನಿಂದ ಬಂದ ಹಾಗೆ ಎಳೆ ಎಳೆಯಾಗಿ ಕಿತ್ತು ಬಂದಿತ್ತು. ಒಳಗಿನ ದಾರ ಕಾಣುತ್ತಿತ್ತು. ಆರು ಸಾವಿರ ಕಿಲೋಮೀಟರ್ ಕೂಡ ಓಡದ ಟೈರ್. ಪುಣ್ಯಕ್ಕೆ ಹಳೇ 16 ಇಂಚಿನ ಸ್ಟೆಪ್ನಿ ಇತ್ತು. ಆದರೆ ಹೊಸ ಅಲಾಯ್‌ಗೆ ಬೇರೆ ನಟ್ಟು ಕೊಟ್ಟಿದ್ದರು, ಅದನ್ನು ಬಿಚ್ಚಲು ಒಂದು ಕೀ. ಕೀ ಎಲ್ಲಿತ್ತು? ಗ್ರೈಂಡರ್ ಕೆಳಗೆ. ಡಿಕ್ಕಿ ಪೂರ್ತಿ ರಸ್ತೆ ಬದಿಗೆ ಇಳಿಸಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಿಧಾನಕ್ಕೆ ಓಡಿಸಿಕೊಂಡು ಉಪ್ಪಿನಂಗಡಿಯ ಒಂದು ಟೈರ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರೊಬ್ಬರು ಏನೂ ಕೇಳಲಿಲ್ಲ. ಒಂದು ದಾರಕ್ಕೆ ನಟ್ಟು ಕಟ್ಟಿ, ಎಡಗಡೆ ಹಿಂದಿನ ಮಡ್‌ಗಾರ್ಡ್‌ನ ಅಂಚಿನಿಂದ ಇಳಿಬಿಟ್ಟರು. ದಾರ ನೇರ ಇಳಿಯಲಿಲ್ಲ, ಟೈರ್‌ನ ಹೊಟ್ಟೆಗೆ ಒರಗಿ ಆಚೆ ನಿಂತಿತು. "ಎಂಥದು ಮಾರಾಯ್ರೇ, ಟೈರು ಬಾಡಿಯಿಂದ ಹೊರಗೆ ಉಂಟಲ್ಲ. ಲೋಡ್ ಹಾಕಿದ್ರೆ ಮೇಲೆ ಹೋಗ್ಲಿಕ್ಕೆ ದಾರಿ ಎಲ್ಲಿ ಉಂಟು?" ಅಂದರು.

ಇಷ್ಟೇ ವಿಷಯ. ಭಾರ ಬಿದ್ದಾಗ, ತಿರುವಿನಲ್ಲಿ ಕಾರು ವಾಲಿದಾಗ, ಚಕ್ರ ಮಡ್‌ಗಾರ್ಡ್ ಒಳಗೆ ಮೇಲೆ ಹೋಗಬೇಕು. ಕಂಪನಿ ಚಕ್ರ ಅಂಚಿನ ಒಳಗೆ ಇರುತ್ತದೆ, ಆರಾಮಾಗಿ ಹೋಗುತ್ತದೆ. ನನ್ನದು ತಗಡಿನ ಅಂಚಿಗೆ ಹೋಗಿ ತಾಗುತ್ತಿತ್ತು. ಅದರ ಮೇಲೆ ಈ ಕಾರು ಪೆಟ್ರೋಲ್ ಮಾಡೆಲ್‌ಗಿಂತ ಇನ್ನೂರು ಕೆ.ಜಿ.ಗೂ ಜಾಸ್ತಿ ಭಾರ. ಹಬ್ ಬೇರಿಂಗ್‌ಗೂ ತೊಂದರೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇಲ್ವಾ? ಕೊಡ ಅದೇ, ನೋವು ಭುಜಕ್ಕೆ.

ಮಡ್‌ಗಾರ್ಡ್ ಅಂಚನ್ನು ಒಳಕ್ಕೆ ಮಡಚಿಸಬಹುದು ಅಂತ ಬೆಂಗಳೂರಿನಲ್ಲಿ ಒಬ್ಬರು ಹೇಳಿದರು. ಚಕ್ರ ತಪ್ಪು ತಂದು ಕಾರನ್ನು ಬಗ್ಗಿಸುವುದೇ? ಬೇಡ ಅಂದೆ.

ಈಗ ನಿಮ್ಮ ರೇಂಜ್ ಪ್ರಶ್ನೆ. ನನಗೆ ಮೊದಲು ಒಂದು ಯೂನಿಟ್‌ಗೆ 7 ಕಿ.ಮೀ. ಬರುತ್ತಿತ್ತು, ಆಮೇಲೆ 6. ಅಂದರೆ 280 ಹೋಗುತ್ತಿದ್ದ ಕಾರು 240ಕ್ಕೆ ಇಳಿಯಿತು. ಎರಡೂ ಚಕ್ರವನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದೇನೆ. ಹಳೆಯದು ಟೈರ್ ಸಮೇತ 18 ಕೆ.ಜಿ., ಹೊಸದು 24. ಜನ ಈ ಭಾರವನ್ನೇ ಬೈಯುತ್ತಾರೆ. ಆದರೆ ಭಾರದ ಚಕ್ರವನ್ನು ತಿರುಗಿಸಲು ಹಾಕಿದ ಶಕ್ತಿಯಲ್ಲಿ ಒಂದಷ್ಟು ಬ್ರೇಕ್ ಹಿಡಿದಾಗ ಬ್ಯಾಟರಿಗೆ ವಾಪಸ್ ಬರುತ್ತದೆ. ಮೆತ್ತನೆ ರಬ್ಬರ್ ಬಿಸಿಯಾಗಿ ತಿನ್ನುವ ಶಕ್ತಿ, ಅಗಲದ ಟೈರ್ ಗಾಳಿ ಸೀಳಲು ತಿನ್ನುವ ಶಕ್ತಿ ವಾಪಸ್ ಬರುವುದಿಲ್ಲ. ಹೋಗಿದ್ದು ಹೋಗಿದ್ದೇ. ಕಾರು ಮಾಡುವವರೇ ಇದನ್ನು ಒಪ್ಪುತ್ತಾರೆ. 2022ರ ಟೆಸ್ಲಾ ಮಾಡೆಲ್ ಎಸ್‌ಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ 19 ಇಂಚಿನ ಚಕ್ರವಾದರೆ 405 ಮೈಲಿ, 21 ಇಂಚಾದರೆ 375. ಕಾರು ಅದೇ, ಬ್ಯಾಟರಿ ಅದೇ.

ಇನ್ನು ಗ್ರಿಪ್. ಇಲ್ಲಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅಗಲ ಮಾಡಿದರೆ ಗ್ರಿಪ್ ಬರುತ್ತೆ ಅಂತ ನೀವು ಮೊದಲೇ ಒಪ್ಪಿಕೊಂಡು, ಎಷ್ಟು ಇಂಚು ಅಂತ ಮಾತ್ರ ಕೇಳುತ್ತಿದ್ದೀರಿ. ಅದೇ ಭಾರ, ಅದೇ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗದ ಅಳತೆ ಹೆಚ್ಚೇನೂ ಬದಲಾಗುವುದಿಲ್ಲ, ಆಕಾರ ಬದಲಾಗುತ್ತದೆ. ಉದ್ದಕ್ಕಿದ್ದದ್ದು ಅಡ್ಡಕ್ಕಾಗುತ್ತದೆ. ತಿರುವಿನಲ್ಲಿ ಅದರಿಂದ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸಿಗ್ನಲ್‌ನಲ್ಲಿ ಕಿರ್ರೆನ್ನುವುದಕ್ಕೆ ಕಾರಣ ರಬ್ಬರ್. ರೇಂಜ್ ಉಳಿಸಲು ಕಂಪನಿಯವರು ಸುಲಭವಾಗಿ ಉರುಳುವ ಟೈರ್ ಕೊಟ್ಟಿರುತ್ತಾರೆ, ಮೋಟಾರ್ ಒಂದೇ ಏಟಿಗೆ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸುರಿಯುತ್ತದೆ. ನೀರು ನಿಂತ ರಸ್ತೆಯಲ್ಲಂತೂ ಅಗಲದ ಟೈರ್ ಬೇಗ ತೇಲುತ್ತದೆ, ಯಾಕೆಂದರೆ ಅದು ಪಕ್ಕಕ್ಕೆ ತಳ್ಳಬೇಕಾದ ನೀರೂ ಜಾಸ್ತಿ. ನಮ್ಮ ಜೂನ್, ಜುಲೈ ಮಳೆಗೆ ಅಗಲ ಬೇಕು ಅನ್ನುವವರು ಆ ಮಳೆಯಲ್ಲಿ ಓಡಿಸಿಲ್ಲ ಅಂತ ನನ್ನ ಅನಿಸಿಕೆ.

ನಾನು ಕೊನೆಗೆ ಮಾಡಿದ್ದು ಇಷ್ಟು. ಹಳೆ 16 ಇಂಚಿನ ವೀಲ್ ವಾಪಸ್ ಹಾಕಿಸಿದೆ. ಅದೇ 215/60 ಸೈಜ್‌ನಲ್ಲಿ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ, ಸ್ವಲ್ಪ ಮೆತ್ತನೆ ರಬ್ಬರ್‌ನ ಟೈರ್ ತಂದೆ. ಅಲೈನ್‌ಮೆಂಟ್ ಮಾಡಿಸಿದೆ. ಕಿರಿಚಾಟ ಮುಕ್ಕಾಲು ಭಾಗ ನಿಂತಿತು. ಯೂನಿಟ್‌ಗೆ 6.6 ಬರುತ್ತಿದೆ. ಮೊದಲ ದಿನವೇ ಇದನ್ನು ಮಾಡಬಹುದಿತ್ತು.

ಇಷ್ಟು ಹೇಳಿದ ಮೇಲೂ ನೋಡಲು ಚೆನ್ನಾಗಿರಲಿ ಅಂತ ಹಾಕಿಸುತ್ತೀರಾದರೆ ಹಾಕಿಸಿ, ಅದೂ ಒಂದು ಆಸೆಯೇ. ಆದರೆ 18 ಬೇಡ. ನಿಮ್ಮದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿಯವರೇ 17 ಇಂಚು ಕೊಡುತ್ತಿದ್ದರೆ ಆ ವೀಲ್, ಆ ಟೈರ್ ಸೈಜ್ ತನ್ನಿ, ಬೇರೆ ಏನೂ ಯೋಚಿಸಬೇಡಿ. ಇಲ್ಲದಿದ್ದರೆ ಇಟಿ ಹಳೆಯದರ ಅಕ್ಕಪಕ್ಕ ಇರಲಿ, ಐದಾರು ಮಿಲಿಮೀಟರ್‌ಗಿಂತ ಆಚೆ ಹೋಗಬೇಡಿ. ವೀಲ್‌ನ ಹಿಂದೆ ಅದು ಎಷ್ಟು ಕೆ.ಜಿ. ಹೊರುತ್ತದೆ ಅಂತ ಅಚ್ಚು ಇದೆಯಾ ನೋಡಿ, ಇಲ್ಲದಿದ್ದರೆ ಅಂಗಡಿಯಿಂದ ಎದ್ದು ಬನ್ನಿ. ಹಾಕಿಸಿದ ದಿನವೇ ಐದು ಜನ ಕೂತು, ಡಿಕ್ಕಿ ತುಂಬಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಹಂಪ್ ಹತ್ತಿಸಿ. ಖಾಲಿ ಕಾರಿನಲ್ಲಿ ಅಂಗಡಿ ಮುಂದೆ ಒಂದು ಸುತ್ತು ಹೊಡೆಯುವುದು ಟೆಸ್ಟ್ ಅಲ್ಲ.

ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಂದಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬಾಡಿಯಿಂದ ಆಚೆ ಚಾಚಿದ ಟೈರ್ ಯಾರ ಕಣ್ಣಿಗೂ ಬೀಳುವುದಿಲ್ಲ ಅಂದುಕೊಳ್ಳಬೇಡಿ, ಉಪ್ಪಿನಂಗಡಿಯವರಿಗೆ ಒಂದು ದಾರ ಸಾಕಾಯಿತು.

ಅಲಾಯ್‌ಗಳನ್ನು ಓಎಲ್‌ಎಕ್ಸ್‌ನಲ್ಲಿ 22 ಸಾವಿರಕ್ಕೆ ಮಾರಿದೆ. ಟೈರ್ ಮಾತ್ರ ಹೋಗಲಿಲ್ಲ, ಮೂರು ಟೈರ್ ಯಾರಿಗೆ ಬೇಕು ಹೇಳಿ. ಟೆರೇಸ್ ಮೇಲೆ ಇವೆ. ಒಂದರಲ್ಲಿ ಅಮ್ಮ ದೊಡ್ಡಪತ್ರೆ ಹಾಕಿದ್ದಾರೆ, ಚೆನ್ನಾಗಿ ಹಬ್ಬಿದೆ. ಇನ್ನೆರಡಕ್ಕೆ ಮಣ್ಣು ತಂದುಕೊಡು ಅಂತ ಹೇಳಿ ಒಂದು ತಿಂಗಳಾಯಿತು.