ಖಡಕ್‌ವಾಸ್ಲಾಕ್ಕೆ ಹೊರಟ ಮಗಳು ಯಾವ ಕ್ಲಬ್ ಸೇರಬೇಕು?

ಬ್ರಹ್ಮಾವರದ ಕಡೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ: "ನನ್ನ ಮಗಳು ಎನ್‌ಡಿಎಗೆ, ಅಂದರೆ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಆಯ್ಕೆಯಾಗಿದ್ದಾಳೆ. ಪುಣೆ ಹತ್ತಿರದ ಖಡಕ್‌ವಾಸ್ಲಾಕ್ಕೆ ಹೊರಡಬೇಕು. ಅಲ್ಲಿ ಓದು, ಡ್ರಿಲ್ ಬಿಟ್ಟು ಹಾಬಿ ಕ್ಲಬ್‌ಗಳೂ ಇವೆಯಂತೆ. ಮುಂಬಯಿಯಲ್ಲಿರುವ ನಮ್ಮ ಭಾವ, ಗಾಲ್ಫ್ ಅಥವಾ ಕುದುರೆ ಸವಾರಿ ತೆಗೆದುಕೊಳ್ಳಲಿ, ದೊಡ್ಡವರ ಪರಿಚಯ ಆಗುತ್ತದೆ ಅನ್ನುತ್ತಾರೆ. ಕೋಚಿಂಗಿನ ಮಾಷ್ಟ್ರು ಡಿಬೇಟ್ ಸೇರಲಿ ಅನ್ನುತ್ತಾರೆ. ಇವಳಿಗೋ ಹಕ್ಕಿ ನೋಡುವ ಹುಚ್ಚು. ಏಳನೇ ಕ್ಲಾಸಿನವರೆಗೆ ಮದ್ದಳೆ ಕಲಿತಿದ್ದಳು, ಆಮೇಲೆ ಓದಿಗೆ ತೊಂದರೆ ಅಂತ ನಾವೇ ಬಿಡಿಸಿದೆವು. ಯಾವ ಕ್ಲಬ್ ಸೇರಿದರೆ ಉಪಯೋಗ ಜಾಸ್ತಿ, ದಯವಿಟ್ಟು ತಿಳಿಸಿ."

ಅಮ್ಮ, ಮೊದಲು ಮಗಳಿಗೆ ನಮ್ಮೆಲ್ಲರ ಅಭಿನಂದನೆ ಹೇಳಿ. ಯುಪಿಎಸ್‌ಸಿ ಪರೀಕ್ಷೆ, ಐದು ದಿನದ ಎಸ್‌ಎಸ್‌ಬಿ ಎಂಬ ಸೇನಾ ಆಯ್ಕೆ ಮಂಡಳಿಯ ಸಂದರ್ಶನ, ವೈದ್ಯಕೀಯ ತಪಾಸಣೆ, ಅದರ ಮೇಲೆ ಮೆರಿಟ್ ಪಟ್ಟಿ. ಇದನ್ನೆಲ್ಲ ದಾಟಿ ಬಂದ ಹುಡುಗಿ ಅವಳು. ಅವಳ ಅಕ್ಕಂದಿರಿಗೆ ಈ ಬಾಗಿಲೇ ಇರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹುಡುಗಿಯರಿಗೆ ಆ ಪರೀಕ್ಷೆ ಬರೆಯಲು ಬಿಟ್ಟರು. 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು. 2025ರ ಮೇ ತಿಂಗಳಲ್ಲಿ ಅದರ 17 ಮಂದಿ ಪಾಸಾಗಿ ಹೊರಬಂದರು. ಅವರ ಹಿಂದೆಯೇ ಹೋಗುತ್ತಿರುವವಳು ನಿಮ್ಮ ಮಗಳು. ಈ ಪತ್ರ ಓದಿದಾಗಿನಿಂದ ನನಗೂ ಹೆಮ್ಮೆ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮ ಭಾವ ಹೇಳಿದ್ದರಲ್ಲಿ ತಪ್ಪೇನಿಲ್ಲ. ಕುದುರೆ ಹತ್ತಿದವರಿಗೆ ಭಯ ಬಿಡುತ್ತದೆ. ಗಾಲ್ಫ್ ಆಡುವ ಅಧಿಕಾರಿಗಳು ಸೇನೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಆಟವೂ ಒಳ್ಳೆಯದೇ. ಡಿಬೇಟಿನಿಂದ ನಾಲಿಗೆಯ ಅಂಜಿಕೆ ಹೋಗುತ್ತದೆ. ಇಷ್ಟು ಒಪ್ಪುತ್ತೇನೆ.

ಆದರೆ ನಾನು ನಿಮ್ಮ ಮಗಳ ಕಡೆ. ಅವಳು ಹಕ್ಕಿ ನೋಡಲಿ.

ಯಾಕೆ ಅಂದರೆ, ಆ ಮೂರು ವರ್ಷ ಅಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ಯೋಚಿಸಿ ನೋಡಿ. ಆರು ಟರ್ಮ್. ಬೆಳಕು ಹರಿಯುವ ಮೊದಲೇ ಏಳಬೇಕು. ಪಿಟಿ, ಡ್ರಿಲ್, ಕ್ಲಾಸು, ಮಧ್ಯಾಹ್ನದ ಆಟ, ರಾತ್ರಿಯ ಓದು. ಕುದುರೆ ಸವಾರಿ ತರಬೇತಿಯಲ್ಲೇ ಇದೆ. ಈಜಂತೂ ಬಂದೇ ಬರಬೇಕು. ಗ್ರೀನ್‌ಹಾರ್ನ್, ರೋವರ್, ತೋರಣಾ ಅಂತ ಕ್ಯಾಂಪುಗಳಿವೆ. ಹದಿನಾರು ವರ್ಷದ ಶಿವಾಜಿ 1646ರಲ್ಲಿ ಗೆದ್ದ ಮೊದಲ ಕೋಟೆ ಅಂತ ಹೇಳುತ್ತಾರಲ್ಲ, ಅದೇ ತೋರಣಾ. ಇದರ ಜತೆಗೆ ಜೆಎನ್‌ಯು ಪದವಿಯ ಪಾಠ. ಓಟಕ್ಕೆ ಅಂಕ, ಪರೇಡಿಗೆ ಅಂಕ, ಪರೀಕ್ಷೆಗೆ ಅಂಕ. ಸ್ಕ್ವಾಡ್ರನ್ ಅಂದರೆ ಕೆಡೆಟ್‌ಗಳ ತಂಡ, ಆ ತಂಡಗಳ ನಡುವೆ ಬಾಕ್ಸಿಂಗ್, ಕ್ರಾಸ್ ಕಂಟ್ರಿ, ಡ್ರಿಲ್ ಎಲ್ಲದಕ್ಕೂ ಸ್ಪರ್ಧೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಯಾರಾದರೂ ಅವಳನ್ನು ಅಳೆಯುತ್ತಲೇ ಇರುತ್ತಾರೆ. ಅದು ಬೇಕು. ಸೈನಿಕರನ್ನು ತಯಾರು ಮಾಡುವ ಜಾಗ ಅದು.

ಅಲ್ಲಿ ಒಂದಷ್ಟು ಗಂಟೆ ಮಾತ್ರ ಅವಳದೇ ಆಯ್ಕೆಗೆ ಸಿಗುತ್ತದೆ. ಆ ಹೊತ್ತನ್ನೂ ನಾವು ಇಲ್ಲಿಂದಲೇ ಲೆಕ್ಕ ಹಾಕಿ, ಇದರಿಂದ ಪರಿಚಯ, ಅದರಿಂದ ಬಡ್ತಿ ಅಂತ ಹಂಚಿಬಿಟ್ಟರೆ ಹುಡುಗಿಗೆ ಅಂತ ಏನು ಉಳಿಯಿತು? ಯಾರೂ ಅಂಕ ಹಾಕದ ಒಂದು ಮೂಲೆ ಅವಳಿಗೆ ಬೇಡವಾ?

ಉಪಯೋಗದ ಮಾತನ್ನೇ ಆಡೋಣ ಅಂದರೆ ಅದಕ್ಕೂ ಸಿದ್ಧ. ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ನೀವು ಕೇಳಿರಬಹುದು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಎಂಜಿನಿಯರ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು, ನಮ್ಮ ಜನರ ಎದುರು ಹೋರಾಡಿದವನು. ಆಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಸರ್ವೆ ಅವನ ನೌಕರಿ. ಆದರೆ ಅವನ ಹುಚ್ಚು ಬೇರೆ ಇತ್ತು. ಹೋದ ಊರಲ್ಲೆಲ್ಲ ಶಾಸನದ ಪ್ರತಿ, ಓಲೆಗರಿ, ನಾಣ್ಯ, ಊರಿನ ಕೈಫಿಯತ್ತು ಅಂದರೆ ಊರಿನ ಚರಿತ್ರೆಯ ದಾಖಲೆ ಕೂಡಿಸುವುದು. ಬಹಳಷ್ಟು ಕೈಯಿಂದಲೇ ಖರ್ಚು. ಕಾವಲಿ ಬೋರಯ್ಯ, ಲಕ್ಷ್ಮಯ್ಯ ಎಂಬ ಅಣ್ಣತಮ್ಮಂದಿರು ಅವನ ಜತೆ ದುಡಿದರು. ಅವರಿಲ್ಲದೆ ಆ ಕೆಲಸ ಆಗುತ್ತಲೇ ಇರಲಿಲ್ಲ. 1821ರಲ್ಲಿ ಅವನು ತೀರಿಕೊಂಡ ಮೇಲೆ ಸರ್ಕಾರ ಆ ಸಂಗ್ರಹವನ್ನು ಅವನ ಹೆಂಡತಿಯಿಂದ ಕೊಂಡುಕೊಂಡಿತು. ಅದರ ಒಂದು ಪಾಲು ಇವತ್ತಿಗೂ ಚೆನ್ನೈಯಲ್ಲಿದೆ. ನಮ್ಮ ಊರುಗಳ ಇತಿಹಾಸ ಬರೆಯುವವರು ಈಗಲೂ ಆ ಕೈಫಿಯತ್ತುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅವನು ಹಾರಿಸಿದ ಗುಂಡುಗಳ ಲೆಕ್ಕ ಇಂದು ಯಾರಿಗೆ ಬೇಕು? ಕೆಲಸದ ನಡುವೆ ಬಿಡುವು ಮಾಡಿಕೊಂಡು ಕೂಡಿಸಿದ್ದು ಉಳಿಯಿತು.

ನಿಮ್ಮ ಮಗಳಿಗೆ ಇನ್ನೂ ಹತ್ತಿರದವನು ವಿಲಿಯಂ ಹೆನ್ರಿ ಸೈಕ್ಸ್. ಬಾಂಬೆ ಸೇನೆಯ ಅಧಿಕಾರಿ. ಪುಣೆಯ ಸುತ್ತಿನ ದಖ್ಖನ್ ಸೀಮೆಯಲ್ಲಿ ಜನ, ಬೆಳೆ, ಭೂಮಿಯ ಅಂಕಿಅಂಶ ಕೂಡಿಸುವುದು ಅವನಿಗೆ ಕೊಟ್ಟ ಕೆಲಸ. ಹೋದ ದಾರಿಯಲ್ಲಿ ಹಕ್ಕಿಗಳನ್ನೂ ಬರೆದುಕೊಂಡ. 1832ರಲ್ಲಿ ದಖ್ಖನ್‌ನ ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಅಲ್ಲಿನ ಒಣ ಬಯಲಿನಲ್ಲಿ ಜುಟ್ಟು ಇರುವ, ಮಣ್ಣುಬಣ್ಣದ ಒಂದು ಸಣ್ಣ ಹಕ್ಕಿ ಓಡಾಡುತ್ತದೆ. ಸೈಕ್ಸ್ ಲಾರ್ಕ್ ಅಂತ ಅದರ ಹೆಸರು. ಸೈನಿಕನೊಬ್ಬನ ಹೆಸರು ಒಂದು ಹಕ್ಕಿಯ ಜತೆ ಇವತ್ತಿಗೂ ಬದುಕಿದೆ. ಅದೇ ನೆಲಕ್ಕೆ ನಿಮ್ಮ ಮಗಳು ಹೋಗುತ್ತಿರುವುದು.

ಖಡಕ್‌ವಾಸ್ಲಾ ಅಂದರೆ ಬರೀ ಪರೇಡ್ ಮೈದಾನ ಅಂದುಕೊಳ್ಳಬೇಡಿ. ಮೂರೂ ಪಡೆಗಳಿಗೆ ಒಂದೇ ಅಕಾಡೆಮಿ ಇರಲಿ ಅಂತ 1949ರಲ್ಲಿ ನೆಹರೂ ಅಲ್ಲಿ ಅಡಿಗಲ್ಲು ಹಾಕಿದರು. ಅದು ತಯಾರಾಗುವವರೆಗೆ ಡೆಹ್ರಾಡೂನಿನಲ್ಲಿ ತರಬೇತಿ ನಡೆಯಿತು. 1955ರ ಜನವರಿಯಲ್ಲಿ ಖಡಕ್‌ವಾಸ್ಲಾದ ಉದ್ಘಾಟನೆ ಆಯಿತು. ಒಂದು ಕಡೆ ಜಲಾಶಯ, ಹಿಂದೆ ಸಿಂಹಗಡ, ಸುತ್ತ ಕುರುಚಲು ಗುಡ್ಡ. ಕೆಡೆಟ್‌ಗಳು ದೋಣಿ ನಡೆಸಲು ಕಲಿಯುವ ಜಾಗಕ್ಕೆ ಹೆಸರೇ ಪೀಕಾಕ್ ಬೇ. ಸಿಂಹಗಡದ ಕಣಿವೆಗೆ ಪುಣೆಯ ಹಕ್ಕಿ ಪ್ರಿಯರು ಕ್ಯಾಮೆರಾ ಹಿಡಿದು ದಂಡುಗಟ್ಟಿ ಬರುತ್ತಾರೆ. ನಮ್ಮ ಕರಾವಳಿಯ ತೋಟದಲ್ಲಿ ಮಂಗಟ್ಟೆ, ಕೆಂಬೂತ ನೋಡಿದ ಕಣ್ಣಿಗೆ ಅಲ್ಲಿ ಸಿಗುವುದು ಬೇರೆಯೇ ಲೋಕ.

ಇನ್ನೊಂದು ವಿಷಯ ಹೇಳಲೇಬೇಕು. ಪಟ್ಟೆತಲೆ ಹೆಬ್ಬಾತು ಅಂತ ಒಂದು ಹಕ್ಕಿ ಇದೆ. ಚಳಿಗಾಲಕ್ಕೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬರುತ್ತದೆ. ಹಿಮಾಲಯ ದಾಟಿ ಬರುವ ಹಕ್ಕಿ ಅದು. ಬೇಸಿಗೆಯಲ್ಲಿ ಟಿಬೆಟ್, ಮಂಗೋಲಿಯಾ, ನಮ್ಮದೇ ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿ ಮಾಡುತ್ತದೆ. ನಿಮ್ಮ ಮಗಳಿಗೆ ನಾಳೆ ಲಡಾಖಿನಲ್ಲಿ ಪೋಸ್ಟಿಂಗ್ ಆಯಿತು ಅಂತಿಟ್ಟುಕೊಳ್ಳಿ. ಸುತ್ತ ಮರವಿಲ್ಲ, ಊರಿಲ್ಲ, ಫೋನು ಸಿಕ್ಕರೆ ಸಿಕ್ಕಿತು. ಆಗ ಕೆರೆಯ ದಡದಲ್ಲಿ ಆ ಹೆಬ್ಬಾತು ಕಂಡರೆ, ಕರ್ನಾಟಕದ ಕೆರೆಗೆ ಹೋಗಿಬಂದದ್ದು ಇದು ಅಂತ ಗುರುತು ಹಿಡಿಯುವವಳು ಅಲ್ಲಿ ಒಂಟಿಯಾಗುವುದಿಲ್ಲ. ಅಲ್ಲಿಗೆ ಗಾಲ್ಫ್ ಕೋಲು ಒಯ್ಯುವುದು ಕಷ್ಟ. ಕಣ್ಣು ಎಲ್ಲಿಗೆ ಹೋದರೂ ಜತೆಗೇ ಬರುತ್ತದೆ.

ಅವಳು ಸೇರುವ ಟರ್ಮಿನಲ್ಲಿ ಹಕ್ಕಿ, ಪ್ರಕೃತಿಯ ಕ್ಲಬ್ಬಿನಲ್ಲಿ ಜಾಗ ಸಿಗದಿದ್ದರೆ ಎರಡನೆಯ ಆಯ್ಕೆ ಅಂತ ಖಗೋಳ ಕ್ಲಬ್ಬಿನ ಹೆಸರು ಬರೆಯಲಿ. ಮೂರನೆಯದು ಹಡಗಿನ ಮಾದರಿ ಇಲ್ಲವೇ ಏರೋಮಾಡೆಲಿಂಗ್. ಕೈ ಮತ್ತು ಕಣ್ಣು ನಿಧಾನವಾಗಿ ಕೆಲಸ ಮಾಡುವ ಯಾವುದಾದರೂ ಸರಿ. ಖಗೋಳಕ್ಕೆ ನಮ್ಮ ಊರಲ್ಲೇ ಬುನಾದಿ ಇದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದವರು ಆಕಾಶ ನೋಡಲು ಮಕ್ಕಳನ್ನು ಕರೆಯುತ್ತಲೇ ಬಂದಿದ್ದಾರೆ. ಪಿಲಿಕುಳದಲ್ಲಿ ತಾರಾಲಯ ಇದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಗ್ರಹಣದಲ್ಲಿ ಮಂಗಳೂರಿನ ಮೇಲೆ ಸೂರ್ಯ ಬಳೆಯಾದದ್ದು ನಿಮಗೂ ನೆನಪಿರಬಹುದು. ಆ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತ ಮನೆಗಳೂ ಬಹಳ ಇದ್ದವು, ಅದು ಬೇಸರದ ಮಾತು. ನಕ್ಷತ್ರ ನೋಡಿ ಏನು ಪ್ರಯೋಜನ ಅಂತ ನಿಮ್ಮ ಭಾವ ಕೇಳಿದರೆ ಇದನ್ನು ಹೇಳಿ: ಜಿಪಿಎಸ್ ಬಂತು, ಇನ್ನು ನಕ್ಷತ್ರ ನೋಡಿ ದಾರಿ ಹುಡುಕುವುದು ಬೇಡ ಅಂತ ಅಮೆರಿಕದ ನೌಕಾ ಅಕಾಡೆಮಿ ಆ ಪಾಠವನ್ನೇ ಬಿಟ್ಟಿತ್ತು. ಉಪಗ್ರಹವನ್ನೇ ನಂಬಿ ಕೂರುವುದು ಅಪಾಯ ಅಂತ ಗೊತ್ತಾಗಿ 2015ರಲ್ಲಿ ಮತ್ತೆ ಶುರುಮಾಡಿತು.

ನಮ್ಮ ಬೀದಿಯಲ್ಲಿ ನಿವೃತ್ತ ನೌಕಾಧಿಕಾರಿಯೊಬ್ಬರಿದ್ದಾರೆ. ಸಂಜೆ ಆಯಿತು ಅಂದರೆ ದೂರದವರ ಜತೆ ಮಾತಾಡುವ ಹವ್ಯಾಸಿಗಳ ಹ್ಯಾಮ್ ರೇಡಿಯೊ ಮುಂದೆ ಕೂರುತ್ತಾರೆ. ಯಾವ ದೇಶದವರೋ ಉತ್ತರ ಕೊಡುತ್ತಾರೆ, ಇವರ ಮುಖ ಅರಳುತ್ತದೆ. ಕೆಡೆಟ್ ಆಗಿದ್ದಾಗ ಹಿಡಿದ ಹುಚ್ಚು ಅಂತೆ. ಅವರ ಜತೆಯಲ್ಲೇ ನಿವೃತ್ತರಾದ ಇನ್ನೊಬ್ಬರು ನನಗೆ ಗೊತ್ತು. ಅವರಿಗಿಂತ ಮೇಲಿನ ಹುದ್ದೆಯಲ್ಲಿ ಇದ್ದವರು. ಸಮವಸ್ತ್ರ ಕಳಚಿದ ಮೇಲೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ತೋಚದೆ ಒದ್ದಾಡುತ್ತಾರೆ. ಇಬ್ಬರ ಸೇವೆಯೂ ದೊಡ್ಡದು. ಆದರೆ ಮೊದಲನೆಯವರ ಹತ್ತಿರ ಹುಡುಗರು ಬಂದು ಕೂರುತ್ತಾರೆ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕು. ಮದ್ದಳೆ ಬಿಡಿಸಿದ್ದು ಯಾಕೆ ಅಮ್ಮ? ಏಳನೇ ಕ್ಲಾಸಿನ ಹುಡುಗಿ ವಾರಕ್ಕೆ ಎರಡು ಸಂಜೆ ತಾಳ ಕಲಿತರೆ ಯಾವ ಓದು ಹಾಳಾಗುತ್ತಿತ್ತು? ತಾಳ ಅಂದರೆ ಲೆಕ್ಕ, ಭಾಗವತರ ದನಿಗೆ ಕಿವಿ ಕೊಡುವುದು, ಗಂಟೆಗಟ್ಟಲೆ ಬೆನ್ನು ನೆಟ್ಟಗೆ ಕೂರುವುದು. ಡ್ರಿಲ್ ಮೈದಾನದಲ್ಲಿ ಉಸ್ತಾದರು ಹೇಳಿಕೊಡುವ ಶಿಸ್ತಿನ ಅರ್ಧವನ್ನು ಅವಳು ಬ್ರಹ್ಮಾವರದಲ್ಲೇ ಕಲಿಯುತ್ತಿದ್ದಳು.

ನಿಮ್ಮೊಬ್ಬರನ್ನೇ ಬೈದು ಫಲವಿಲ್ಲ, ಇದು ನಮ್ಮ ಎರಡೂ ಜಿಲ್ಲೆಗಳ ರೋಗ. ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಪ್ರತಿ ವರ್ಷ ನಾವು ಬೀಗುತ್ತೇವೆ, ಫ್ಲೆಕ್ಸ್ ಹಾಕುತ್ತೇವೆ. ಅದಕ್ಕೆ ಮಕ್ಕಳು ಏನು ತೆತ್ತರು ಅಂತ ಕೇಳುವುದಿಲ್ಲ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನವರು ಹೈಸ್ಕೂಲು ಮಕ್ಕಳಿಗೆ ಎಷ್ಟು ಪ್ರೀತಿಯಿಂದ ಕುಣಿತ, ಮಾತು ಕಲಿಸಿ ವೇದಿಕೆಗೆ ಏರಿಸುತ್ತಾರೆ! ಹಳ್ಳಿ ಶಾಲೆಯ ಹುಡುಗಿಯರು ಬಣ್ಣ ಹಚ್ಚಿ ಅಬ್ಬರಿಸುವುದನ್ನು ಕಣ್ಣಾರೆ ನೋಡಬೇಕು. ಅದೇ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಕೂಡಲೇ ಎಲ್ಲವೂ ನಿಂತುಹೋಗುತ್ತದೆ. ಹಾಸ್ಟೆಲ್, ಬೆಳಗಿನ ಜಾವದ ಸ್ಟಡಿ ಅವರ್, ಸಿಇಟಿ, ನೀಟ್, ಭಾನುವಾರ ಟೆಸ್ಟ್. ಎರಡು ವರ್ಷ ಆಕಾಶ ನೋಡದ ಮಕ್ಕಳಿದ್ದಾರೆ. ನನ್ನ ಪರಿಚಯದ ಹುಡುಗನೊಬ್ಬ ಒಳ್ಳೆಯ ಚೆಂಡೆ ಬಾರಿಸುತ್ತಿದ್ದ. ಅವನ ಕಾಲೇಜಿನ ಹಾಸ್ಟೆಲಿನಲ್ಲಿ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದ್ದಕ್ಕೆ ಮನೆಗೆ ಫೋನು ಹೋಯಿತು.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಗೊತ್ತಾ? ಅದೇ ಎಸ್‌ಎಸ್‌ಬಿಯಲ್ಲಿ. ಅಲ್ಲಿ ಮೊದಲು ಒಂದು ಫಾರಂ ತುಂಬಿಸುತ್ತಾರೆ. ಆಟ ಯಾವುದು, ಹವ್ಯಾಸ ಯಾವುದು ಅಂತ ಬರೆಯಬೇಕು. ಸಂದರ್ಶನ ಮಾಡುವ ಅಧಿಕಾರಿ ಅದನ್ನೇ ಹಿಡಿದು ಕೆದಕುತ್ತಾರೆ. ಪುಸ್ತಕ ಓದುವುದು ಅಂತ ಬರೆದವರಿಗೆ ಯಾವ ಪುಸ್ತಕ ಅಂತ ಕೇಳಿದರೆ ಬಾಯಿ ಒಣಗುತ್ತದೆ. ನಿಮ್ಮ ಮಗಳು ಅಲ್ಲಿ ಏನು ಹೇಳಿದಳು ಅಂತ ಅವಳನ್ನೇ ಕೇಳಿ ನೋಡಿ. ಹಕ್ಕಿಯ ಮಾತು ಬಂದೇ ಇರುತ್ತದೆ ಅಂತ ನನ್ನ ನಂಬಿಕೆ. ಅಂದರೆ ನೀವು ಸಮಯ ಹಾಳು ಅಂದುಕೊಂಡದ್ದೇ ಅವಳನ್ನು ಅಲ್ಲಿ ನಿಲ್ಲಿಸಿರಬಹುದು.

ಮೊದಲ ಟರ್ಮಿನಲ್ಲಿ ಅವಳಿಗೆ ಹಕ್ಕಿಯನ್ನು ನೆನೆಯಲೂ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಹೊಸಬರು ಓಡುತ್ತಲೇ ಇರಬೇಕು, ನಿದ್ದೆ ಸಾಲುವುದಿಲ್ಲ. ಕ್ಲಬ್ಬಿಗೆ ಹೋದರೂ ಕುರ್ಚಿಯಲ್ಲಿ ತೂಕಡಿಸಿಯಾಳು. ಎರಡನೇ ಟರ್ಮಿನಿಂದ ಉಸಿರಾಡಲು ಆಗುತ್ತದೆ. ಹೊರಡುವ ಮೊದಲು ಸಮಯವಿದ್ದರೆ ಒಂದು ಭಾನುವಾರ ಮಣಿಪಾಲದ ಮಣ್ಣಪಳ್ಳ ಕೆರೆಗೆ ಕರೆದುಕೊಂಡು ಹೋಗಿ. ನೀವೂ ಜತೆಗೆ ಹೋಗಿ, ಅವಳು ತೋರಿಸಿದ್ದನ್ನು ನೋಡಿ. ಒಂದು ಸಣ್ಣ ನೋಟ್‌ಬುಕ್ ಕೊಡಿಸಿ. ಬೈನಾಕ್ಯುಲರ್ ಈಗಲೇ ಬೇಡ. ಏನು ತರಬೇಕು, ಏನು ತರಬಾರದು ಅಂತ ಅಕಾಡೆಮಿಯಿಂದ ಬರುವ ಪಟ್ಟಿಯನ್ನು ನೋಡಿಕೊಂಡು, ಮೊದಲ ರಜೆಗೆ ಬಂದಾಗ ಕೊಡಿಸಿದರೂ ಆಯಿತು.

ಕ್ಲಬ್ ಆಯ್ಕೆ ಮಾಡುವ ದಿನ ಬಂದಾಗ ಅವಳೇ ಆರಿಸಲಿ. ಆ ವಾರ ಫೋನು ಬಂದರೆ ಏನು ತೆಗೆದುಕೊಂಡೆ ಅಂತ ಕೇಳಬೇಡಿ. ಊಟ ಸೇರುತ್ತದಾ, ಕಾಲಿನ ಬೊಕ್ಕೆ ಒಣಗಿತಾ ಅಂತ ಕೇಳಿ. ಕ್ಲಬ್ಬಿನ ಸುದ್ದಿ ಹೇಳಬೇಕು ಅನಿಸಿದಾಗ ಅವಳೇ ಹೇಳುತ್ತಾಳೆ.

— ಸಂಪಾದಕ